ಪಾಸ್‌ವರ್ಡ್ ಲಾಕ್ ಮಾಡಿದರೆ ಅಕೌಂಟ್ ಮುಚ್ಚಿದಂತಲ್ಲ

ಕೆಲಸ ಬಿಟ್ಟು ಹೋದವರ ಲಿನಕ್ಸ್ ಅಕೌಂಟಿಗೆ ಪಾಸ್‌ವರ್ಡ್ ಲಾಕ್ ಮಾಡುವ ‘ಪಾಸ್‌ಡಬ್ಲ್ಯುಡಿ ಮೈನಸ್ ಎಲ್’ ಕಮಾಂಡ್ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಲು ಬಳಸುವ ಅವರ ಎಸ್‌ಎಸ್‌ಎಚ್ ಕೀ ಮಾತ್ರ ಮರುದಿನವೂ ಸಲೀಸಾಗಿ ಕೆಲಸ ಮಾಡುತ್ತದೆ.

ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಇಟಿಸಿ ಡೈರೆಕ್ಟರಿಯ ಶ್ಯಾಡೋ ಫೈಲ್ ತೆರೆಯಿರಿ. ಒಬ್ಬೊಬ್ಬ ಯೂಸರಿಗೆ ಒಂದು ಸಾಲು, ಸಾಲಿಗೆ 9 ಕಾಲಂ, ನಡುವೆ ಕೋಲನ್. ಎರಡನೆಯ ಕಾಲಮಿನಲ್ಲಿರುವುದು ಪಾಸ್‌ವರ್ಡಿನ ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದಂತೆ ಬದಲಿಸಿದ ರೂಪ. ಡಾಲರ್ ಗುರುತುಗಳ ನಡುವೆ 6 ಇದ್ದರೆ ಎಸ್‌ಎಚ್‌ಎ-512, ವೈ ಇದ್ದರೆ ಯೆಸ್‌ಕ್ರಿಪ್ಟ್; ಎರಡೂ ಹ್ಯಾಶ್ ಮಾಡುವ ವಿಧಾನಗಳು. ಲಾಕ್ ಮಾಡಿದರೆ ಈ ಹ್ಯಾಶಿನ ಮುಂದೆ ! ಬಂದು ಕೂರುತ್ತದೆ, ಅಷ್ಟೇ. ಯಾವ ಪಾಸ್‌ವರ್ಡ್ ಕೊಟ್ಟರೂ ! ಇಂದ ಶುರುವಾಗುವ ಹ್ಯಾಶ್ ಹುಟ್ಟುವುದಿಲ್ಲ, ಆದ್ದರಿಂದ ತಾಳೆಯಾಗುವುದಿಲ್ಲ. ಅನ್‌ಲಾಕ್ ಮಾಡಿದರೆ ! ಹೋಗಿ ಹಳೇ ಪಾಸ್‌ವರ್ಡೇ ಮತ್ತೆ ಚಾಲ್ತಿಗೆ ಬರುತ್ತದೆ.

ಕೀ ಹಿಡಿದು ಬಂದವರನ್ನು ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಲಾಗಿನ್ ನೋಡಿಕೊಳ್ಳುವ ಸರ್ವರ್ ಪ್ರೋಗ್ರಾಂ) ತಾನೇ ಪರೀಕ್ಷಿಸುತ್ತದೆ. ಲಿನಕ್ಸ್‌ನ ಲಾಗಿನ್ ತಪಾಸಣೆ ವ್ಯವಸ್ಥೆಯಾದ ಪ್ಯಾಮ್‌ನಲ್ಲಿ ಪಾಸ್‌ವರ್ಡ್ ನೋಡುವ ‘ಆಥ್’ ಹಂತವನ್ನು ಕೇಳುವುದೇ ಇಲ್ಲ, ಹ್ಯಾಶಿನ ತಂಟೆಗೂ ಹೋಗುವುದಿಲ್ಲ. ಆದರೆ ‘ಅಕೌಂಟ್’ ಹಂತವನ್ನು ದಾಟಲೇಬೇಕು. ಅವಧಿ ಮುಗಿದಿದೆಯೇ ಎಂದು ನೋಡುವುದು ಅಲ್ಲಿ. ಬೀಗ ಹಾಕಬೇಕಾದದ್ದೂ ಅಲ್ಲೇ. (ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ‘ಯೂಸ್‌ಪ್ಯಾಮ್ ನೋ’ ಇದ್ದರೆ ! ಕಂಡ ಕೂಡಲೇ ಕೀಯನ್ನೂ ನಿರಾಕರಿಸುತ್ತದೆ. ಆದರೆ ಡೆಬಿಯನ್, ಉಬುಂಟುಗಳಲ್ಲಿ ಮೊದಲಿನಿಂದಲೇ ‘ಯೆಸ್’ ಇರುತ್ತದೆ.)

ಯೂಸರ್ ಹೆಸರು ರವಿ ಎಂದುಕೊಳ್ಳಿ. ‘ಯೂಸರ್‌ಮಾಡ್ ಮೈನಸ್ ಇ 1 ರವಿ’ ಕೊಡಿ. ಎಂಟನೆಯ ಕಾಲಂ 1 ಆಗುತ್ತದೆ. ದಿನಗಳ ಎಣಿಕೆ 1970ರ ಜನವರಿ 1ರಿಂದ, ಅಂದರೆ ಅಕೌಂಟಿನ ಅವಧಿ 1970ರ ಜನವರಿ 2ಕ್ಕೇ ಮುಗಿದಂತೆ. 0 ಹಾಕಬೇಡಿ: ಅದನ್ನು ‘ಅವಧಿಯೇ ಇಲ್ಲ’ ಎಂದೂ ಓದಿಕೊಳ್ಳಬಹುದು. ಪಾಸ್‌ವರ್ಡ್ ಲಾಕನ್ನೂ ಹಾಗೇ ಇಡಿ.

ಶೆಲ್ (ಕಮಾಂಡ್ ಕೊಡುವ ಪ್ರೋಗ್ರಾಂ) ಬದಲು ‘ನೋಲಾಗಿನ್’ ಹಾಕಿದರೆ ಸಾಲದೇ? ಸಾಲದು. ಶೆಲ್ ಸಿಗುವುದಿಲ್ಲ ನಿಜ, ಆದರೆ ಎಸ್‌ಎಸ್‌ಎಚ್ ಕಮಾಂಡಿಗೆ ‘ಮೈನಸ್ ದೊಡ್ಡ ಎನ್’ (ಶೆಲ್ ಬೇಡ, ಸಂಪರ್ಕ ಸಾಕು) ಕೊಟ್ಟು ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಂಡು ಒಳಗಿನ ಡೇಟಾಬೇಸ್ ತನಕ ಹೋಗಬಹುದು.

ಇವೆಲ್ಲ ಬಾಗಿಲಲ್ಲಿ ಆಗುವ ತಪಾಸಣೆ. ಆಗಲೇ ಒಳಗಿರುವ ಸೆಷನ್, ಲಾಗ್‌ಔಟ್ ಆದರೂ ಸೆಷನ್ ಉಳಿಸಿಡುವ ಟೀಮಕ್ಸ್ ಯಾವುದೂ ಇದರಿಂದ ಸಾಯುವುದಿಲ್ಲ. ಅವನ್ನು ಕೊಲ್ಲಲು ‘ಪೀಕಿಲ್ ಮೈನಸ್ ಕಿಲ್ ಮೈನಸ್ ಯು ರವಿ’ ಕೊಡಬೇಕು. ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್ ನೋಡಿ. ರೂಟಿನ ಮತ್ತು ಹಂಚಿಕೊಂಡು ಬಳಸುವ ಅಕೌಂಟುಗಳ ಆಥರೈಸ್ಡ್ ಕೀಸ್ (ಒಳಬಿಡಬಹುದಾದ ಕೀಗಳ ಪಟ್ಟಿ) ಫೈಲುಗಳಲ್ಲಿ ಅದೇ ಕೀ ಉಳಿದಿದೆಯೇ ಎಂದೂ ಹುಡುಕಿ. ಹೆಚ್ಚಿನ ಕಡೆ ತಪ್ಪಿಹೋಗುವುದು ಇದೇ.

ಕೊನೆಗೆ ಆ ಕೀಯಿಂದಲೇ ಒಮ್ಮೆ ಲಾಗಿನ್‌ಗೆ ಯತ್ನಿಸಿ. ಲಾಗಿನ್ ದಾಖಲೆಗಾಗಿ ಉಬುಂಟುವಿನಲ್ಲಿ ಆಥ್ ಡಾಟ್ ಲಾಗ್, ರೆಡ್ ಹ್ಯಾಟ್‌ನಲ್ಲಿ ಸೆಕ್ಯೂರ್ ಫೈಲ್ ನೋಡಿ: ‘ಅಕೌಂಟ್ ರವಿ ಹ್ಯಾಸ್ ಎಕ್ಸ್‌ಪೈರ್ಡ್’ ಎಂಬ ಸಾಲು ಅಲ್ಲಿರಬೇಕು.