ಮೊಬಿ ಡಿಕ್ ಓದಿಸಿದ್ದು ಹೀಗೆ

ಬಾಸ್ಟನ್ ಕಡೆಯ ನಮ್ಮ ಕನ್ನಡ ಬಳಗದಲ್ಲಿ ಹರ್ಮನ್ ಮೆಲ್ವಿಲ್‌ನ ತಿಮಿಂಗಿಲ ಬೇಟೆಯ ಕಾದಂಬರಿ ಮೊಬಿ ಡಿಕ್ ಹೆಸರೆತ್ತಿದಾಗ ಎಲ್ಲರೂ ನಕ್ಕಿದ್ದರು. 135 ಅಧ್ಯಾಯ, ಯಾರಪ್ಪ ಓದ್ತಾರೆ ಅಂತ. ಈಗ ಮುಕ್ಕಾಲು ಮಂದಿ ಓದಿ ಮುಗಿಸಿದ್ದಾರೆ. ನಕ್ಕವರೂ ಅದರಲ್ಲಿದ್ದಾರೆ.

ಮೊದಲ ಸುತ್ತಿನಲ್ಲಿ 32ನೇ ಅಧ್ಯಾಯಕ್ಕೇ ಗುಂಪು ಖಾಲಿ. ತಿಮಿಂಗಿಲದ ಜಾತಿ-ಉಪಜಾತಿ ಯಾರಿಗೆ ಬೇಕು? ಎರಡನೇ ಸಲ ಎಲ್ಲರಿಗೂ ಆಡಿಯೊ ಪುಸ್ತಕ ಕೊಡಿಸಿದೆ. ನೂರೈವತ್ತು ಡಾಲರ್ ಹತ್ತಿರ ಸುಮ್ನೆ ಹೋಯಿತು.

ಮೂರನೇ ಸಲ ಕಾದಂಬರಿ ಮುಟ್ಟಲೇ ಇಲ್ಲ. ಮೊದಲು ಎಸೆಕ್ಸ್ ಹಡಗಿನ ಕತೆ ಹೇಳಿದೆ. 1820ರ ನವೆಂಬರ್‌ನಲ್ಲಿ ಪೆಸಿಫಿಕ್ ನಡುವೆ ತಿಮಿಂಗಿಲ ಗುದ್ದಿ ಮುಳುಗಿಸಿದ ಹಡಗು ಅದು. 20 ಜನರಲ್ಲಿ ಬದುಕಿದ್ದು 8. ಹಸಿವಿಗೆ ಜೊತೆಗಾರರ ಹೆಣವನ್ನೇ ತಿಂದರು. ಪಾರಾದ ಓವನ್ ಚೇಸ್ ಬರೆದದ್ದನ್ನು ಮೆಲ್ವಿಲ್ ಓದಿದ್ದ. ಅವನೂ 1841ರಲ್ಲಿ ತಿಮಿಂಗಿಲ ಬೇಟೆಗೆ ಹೋಗಿ, ಮರುವರ್ಷ ಮಾರ್ಕೆಸಸ್ ದ್ವೀಪದಲ್ಲಿ ಹಡಗು ಬಿಟ್ಟು ಓಡಿದವನೇ. ಎಸೆಕ್ಸ್ ಮುಳುಗಿಸಿದ ತಿಮಿಂಗಿಲಕ್ಕೆ ಚೇಸ್ ಅಂದಾಜಿಸಿದ ಉದ್ದ 85 ಅಡಿ. ಪಾರ್ಕಿಂಗ್ ಜಾಗದಲ್ಲಿ ಸೀಮೆಸುಣ್ಣದಿಂದ ಗೀಚಿದೆವು. ಬಾಲ ಮುಗಿಯುವಷ್ಟರಲ್ಲಿ ಒಂಬತ್ತು ಕಾರಿನ ಜಾಗ ದಾಟಿತ್ತು.

ಸಂಬಳದ ಅಧ್ಯಾಯ ಓದಿದ್ದು ಆಮೇಲೆ. ಕತೆ ಹೇಳುವ ನಾವಿಕ ಇಷ್ಮಾಯೆಲ್‌ಗೆ ಲಾಭದ 777ನೇ ಒಂದು ಪಾಲು ಅಂತಾರೆ, ಕೊನೆಗೆ 300ನೇ ಒಂದು ಸಿಗುತ್ತದೆ. ಅವನ ಗೆಳೆಯ, ಈಟಿಗಾರ ಕ್ವೀಕ್ವೆಗ್‌ಗೆ 90ನೇ ಒಂದು! ಸ್ಟಾಕ್ ಆಪ್ಶನ್‌ಗೆ ಚೌಕಾಸಿ ಮಾಡಿದ ನಮ್ಮ ಸಾಫ್ಟ್‌ವೇರ್ ಮಂದಿಗೆ ಏನೂ ವಿವರಿಸಬೇಕಾಗಲಿಲ್ಲ.

ಆಮೇಲೆ ಕಾದಂಬರಿಯಲ್ಲೇ ಬರುವ ತಿಮಿಂಗಿಲ ಬೇಟೆಯ ಹಳೇ ಬಂದರು ನ್ಯೂ ಬೆಡ್‌ಫೋರ್ಡ್‌ಗೆ ಹೋದೆವು. ವ್ಯಾನ್, ಟಿಕೆಟ್, ಊಟ ಸೇರಿ ಐನೂರು ಡಾಲರ್ ಆಸುಪಾಸು. ಒಳ್ಳೇ ಖರ್ಚು ಅಂದರೆ ಇದೇ. ಅಲ್ಲಿನ ನಾವಿಕರ ಚರ್ಚಿನ ಗೋಡೆಯಲ್ಲಿ ಸಮುದ್ರದಲ್ಲಿ ಸತ್ತವರ ಕಲ್ಲಿನ ಫಲಕಗಳಿವೆ. ಹಡಗಿನ ಮೂತಿಯಂಥ ಉಪದೇಶ ಪೀಠವೂ ಇದೆ. ಅದು ಮೆಲ್ವಿಲ್ ಕಾಲದ್ದಲ್ಲ, ಅವನ ಕಲ್ಪನೆ. 1956ರ ಸಿನಿಮಾ ನೋಡಿ ಬಂದವರೆಲ್ಲ ಅದೆಲ್ಲಿ ಅಂತ ಕೇಳಿ ಕೇಳಿ, 1961ರಲ್ಲಿ ಕಟ್ಟಿಸಿದರು. ಕಾದಂಬರಿಯಲ್ಲಿ ಬರುವ ಚೌಡರ್ ಸೂಪನ್ನು ಜೋಳ ಹಾಕಿ ಮಾಡಿ ಒಯ್ದಿದ್ದೆ. ಖಾಲಿಯಾದದ್ದು ಚಿತ್ರಾನ್ನ.

ಅಧ್ಯಾಯಗಳನ್ನು ಯಾವ ಕ್ರಮದಲ್ಲಿ ಕೊಟ್ಟೆ ಅಂತ ಇಲ್ಲಿ ಬರೆಯಲ್ಲ, ಮುಂದಿನ ಗುಂಪಿಗೆ ಬೇಕು. ಒಂದು ಮಾತ್ರ ಹೇಳ್ತೀನಿ: ಇಷ್ಮಾಯೆಲ್ ಒಬ್ಬನೇ ಬದುಕುಳಿದದ್ದನ್ನು ಹೇಳುವ ಕೊನೆಯ ಉಪಸಂಹಾರವನ್ನು ತೆಗೆದಿಟ್ಟು ಪುಸ್ತಕ ಹಂಚಿದೆ. 1851ರ ಲಂಡನ್ ಮುದ್ರಣದಲ್ಲೂ ಅದು ಬಿಟ್ಟುಹೋಗಿತ್ತು. ಎಲ್ಲರೂ ಸತ್ತರೆ ಕತೆ ಹೇಳಿದ್ದು ಯಾರು ಅಂತ ಅಲ್ಲಿನ ವಿಮರ್ಶಕರು ರೇಗಿದ್ದರು. ನಮ್ಮವರೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅದನ್ನೇ ಕೇಳಿದರು.