ಪಂಚಾಂಗ ನೋಡಿ ಹೊರಟ ನೀಲ್ ದ್ವೀಪ

ನಮ್ಮನೆಯಲ್ಲಿ ಐದು ಜನ. ಅತ್ತೆಗೆ 66, ಚಿಕ್ಕ ಮಗಳಿಗೆ 7. ಮಾಸ್ಕ್ ತೊಟ್ಟು, ಕೊಳವೆಯಲ್ಲಿ ಉಸಿರಾಡುತ್ತ, ನೀರಿನಲ್ಲಿ ಮುಖವಿಟ್ಟು ತೇಲುವ ಸ್ನಾರ್ಕೆಲಿಂಗ್ ಮಾಡಲೇಬೇಕೆಂದು ಹಟ ಹಿಡಿದವನು 11 ವರ್ಷದ ಮಗ. ದ್ವೀಪ ಆರಿಸಿದ್ದು ಮಾತ್ರ ಚಿಕ್ಕವಳ ಅಳತೆಗೆ. ಮರಳಿನ ಮೇಲೆ ನಡೆದೇ ಅವಳು ನೀರಿಗಿಳಿಯಬೇಕು, ಹೆದರಿಕೆಯಾದರೆ ಅಲ್ಲೇ ಎದ್ದು ನಿಲ್ಲುವಂತಿರಬೇಕು. ಇಷ್ಟು ಗಟ್ಟಿ ಮಾಡಿಕೊಂಡ ಮೇಲೆ ಮುಕ್ಕಾಲು ಪಾಲು ಜಾಗಗಳು ತಾವಾಗಿಯೇ ಬಿಟ್ಟುಹೋದವು.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ನಮಗೆ ಹತ್ತಿರದ್ದು ಮುರ್ಡೇಶ್ವರದ ನೇತ್ರಾಣಿ ದ್ವೀಪ. ಮದುವೆಗೆ ಮುಂಚೆ ನಾನೇ ಅಲ್ಲಿ ಇಳಿದಿದ್ದೆ. ಆದರೆ ಅಲ್ಲಿ ದೋಣಿಯಿಂದ ನೇರ ಆಳಕ್ಕೇ ಇಳಿಯಬೇಕು, ಏಳು ವರ್ಷದವಳಿಗೆ ಆಗದು. ಲಕ್ಷದ್ವೀಪದ ಲಗೂನುಗಳು, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಶಾಂತ ನೀರು, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿವೆ. ಪರವಾನಗಿ, ಟಿಕೆಟ್ಟು, ರಜೆ ಎಲ್ಲ ಐದು ಜನಕ್ಕೂ ಒಟ್ಟಿಗೆ ಕೂಡಿಬರಲಿಲ್ಲ. ಅಂಡಮಾನಿನ ಹ್ಯಾವ್‌ಲಾಕಿನಲ್ಲಿ ಗದ್ದಲ ಜಾಸ್ತಿ. ಹಾಗೆ ಅದರ ಪಕ್ಕದ ನೀಲ್ ಉಳಿಯಿತು. 2018ರಲ್ಲಿ ಅದಕ್ಕೆ ಶಹೀದ್ ದ್ವೀಪ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಇನ್ನೂ ನೀಲೇ. ಬಂಗಾಳಿ ರೈತರ ಊರು, ಅಂಡಮಾನಿಗೆಲ್ಲ ತರಕಾರಿ ಬೆಳೆದು ಕಳಿಸುವ ಊರು. ದ್ವೀಪವಿಡೀ ಸೈಕಲ್ಲಿನಲ್ಲಿ ಸುತ್ತಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರವೂ ಇದೆ ಎಂದು ತಿಳಿದ ಮೇಲೇ ನಾನು ಹೂಂ ಅಂದದ್ದು.

ಇನ್ನು ಯಾವಾಗ ಹೋಗುವುದು? ಅಂಡಮಾನಿಗೆ ಮುಂಗಾರು ಕೇರಳಕ್ಕಿಂತ ಮುಂಚೆ, ಮೇ ಮೂರನೇ ವಾರದ ಹೊತ್ತಿಗೇ ಮುಟ್ಟುತ್ತದೆ. ಮೇ ಕೊನೆಗೆ ಹೋದರೆ ಕಡಲು ಕಲಕಿ ಏನೂ ಕಾಣದು. ಬೇಸಿಗೆ ರಜೆ ಶುರುವಾಗುವ ಏಪ್ರಿಲ್ಲೇ ಸರಿ ಎಂದುಕೊಂಡೆವು. ತಾರೀಖು ಗೊತ್ತುಮಾಡಿದ್ದು ಅಡುಗೆಮನೆಯ ಗೋಡೆಯಲ್ಲಿದ್ದ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಇಳಿತದಲ್ಲಿ ಹವಳ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಅದರ ಮೇಲೆ ಈಜುವ ಮಾತೇ ಇಲ್ಲ. ಅಷ್ಟಮಿ ಕಳೆದ ದಿನಗಳಲ್ಲಿ ಏರಿಳಿತ ಕಡಿಮೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೈಡ್ ಟೇಬಲ್ಲಿನಲ್ಲಿ, ಅಂದರೆ ಉಬ್ಬರವಿಳಿತದ ವೇಳಾಪಟ್ಟಿಯಲ್ಲಿ, ಪೋರ್ಟ್ ಬ್ಲೇರಿನ ಲೆಕ್ಕ ನೋಡಿ, ಏಕಾದಶಿ, ದ್ವಾದಶಿಯ ಬೆಳಗುಗಳು ನೀರಿಗೆ ಸಿಗುವಂತೆ ಟಿಕೆಟ್ ಮಾಡಿಸಿದೆವು. ಏಪ್ರಿಲಿನಲ್ಲಿ ಅಲ್ಲಿ ಐದೂಕಾಲಕ್ಕೇ ಬೆಳಕು ಹರಿಯುತ್ತದೆ, ಬಿಸಿಲೇರುವ ಮುಂಚೆ ಎರಡು ಗಂಟೆ ಕೈಗೆ ಸಿಗುತ್ತದೆ.

ಮಾಸ್ಕುಗಳನ್ನು ಊರಿನಲ್ಲೇ ಕೊಂಡದ್ದು ನಾವು ಮಾಡಿದ ಒಳ್ಳೆಯ ಕೆಲಸ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು, ಕೈ ಬಿಡಬೇಕು. ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಮಗಳಿಗೆ ನಾಲ್ಕನೆಯದು ಕೂತಿತು. ಮಕ್ಕಳಿಗೆ ಕೊಳವೆಯೂ ಮಕ್ಕಳದ್ದೇ ಬೇಕು. ದೊಡ್ಡವರದ್ದರಲ್ಲಿ ಬಿಟ್ಟ ಉಸಿರು ಅಲ್ಲೇ ಉಳಿದು ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಹೊಸ ಗಾಜಿನ ಒಳಗೆ ಟೂತ್‌ಪೇಸ್ಟ್ ತಿಕ್ಕಿ ತೊಳೆದೆವು, ಇಲ್ಲದಿದ್ದರೆ ಮಂಜು ಕಟ್ಟುತ್ತದೆ. ಮೀಸೆಯಿಂದಾಗಿ ನೀರು ನುಗ್ಗುತ್ತದೆಂದು ನಮ್ಮ ಯಜಮಾನರು ಮೂಗಿನ ಕೆಳಗೆ ಒಂದೆಳೆ ಬೋಳಿಸಿಕೊಂಡರು. ಎರಡು ವಾರ ಬಚ್ಚಲಮನೆಯಲ್ಲಿ ಬಕೆಟ್ಟಿನೊಳಗೆ ಮುಖವಿಟ್ಟು ಉಸಿರಾಡುವ ಅಭ್ಯಾಸ ನಡೆಯಿತು. ಮೊದಲ ದಿನ ಹತ್ತು ಎಣಿಸುವುದರೊಳಗೆ ಎದ್ದ ಮಗಳು, ಹೊರಡುವ ಹೊತ್ತಿಗೆ ಇನ್ನೂರರ ತನಕ ಎಣಿಸುತ್ತಿದ್ದಳು.

ಇಷ್ಟೆಲ್ಲ ಮಾಡಿಯೂ ಮೊದಲ ದಿನವೇ ಎಡವಿದೆವು. ಫೆರಿಯಿಂದ ಇಳಿದ ಕೂಡಲೇ ಮಕ್ಕಳ ಆತುರಕ್ಕೆ ಸೋತು, ಅಲ್ಲೇ ಸಿಕ್ಕ ಒಬ್ಬ ಗೈಡಿನ ಜೊತೆ ನಡುಹಗಲು ಭರತ್‌ಪುರ ಬೀಚಿಗೆ ಇಳಿದೆವು. ಇಳಿತದ ಹೊತ್ತು, ನೀರು ಮೊಣಕಾಲಿನ ತನಕ. ಆತ ಹವಳದ ಮೇಲೇ ಕಾಲೂರಿ ನಿಂತು ಮಗಳು ಹಿಡಿದಿದ್ದ ತೇಲುವ ಟ್ಯೂಬನ್ನು ಎಳೆದ. ಅವಳ ಮೊಣಕಾಲು ತರಚಿತು. ಹವಳದ ಗಾಯ ಬೇಗ ಮಾಯುವುದಿಲ್ಲ, ಸಣ್ಣ ಚೂರುಗಳು ಒಳಗೇ ಉಳಿಯುತ್ತವೆ. ಆರೋಗ್ಯ ಕೇಂದ್ರದಲ್ಲಿ ತೊಳೆಸಿ, ಒಂದು ದಿನ ಅವಳನ್ನು ನೀರಿನಿಂದ ದೂರವಿಟ್ಟೆವು. ಟೇಬಲ್ ಕೈಯಲ್ಲೇ ಇದ್ದೂ ನೋಡದೆ ಹೋದೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ. ಹವಳದಂಥ ನಾಜೂಕು ಜೀವಿಯ ಮೇಲೆ ಬೂಟು ಊರಿದವನನ್ನು ಅಲ್ಲೇ ತಡೆಯಲಿಲ್ಲವಲ್ಲ ಎಂಬುದೂ. 2010 ಮತ್ತು 2016ರಲ್ಲಿ ಕಡಲು ಬಿಸಿಯಾಗಿ ಅಂಡಮಾನಿನ ಹವಳ ಬಿಳಿಚಿತ್ತು. ಸತ್ತ ಹವಳದ ಬೂದು ಕೊಂಬೆಗಳು ಈಗಲೂ ಕಾಣುತ್ತವೆ, ಬದುಕಿರುವುದನ್ನಾದರೂ ತುಳಿಯದಿರಬೇಕು.

ದ್ವಾದಶಿಯ ಬೆಳಿಗ್ಗೆ ಆರಕ್ಕೆ ಅದೇ ಬೀಚು ಬೇರೆಯೇ ಆಗಿತ್ತು. ಪ್ರವಾಸಿ ದೋಣಿಗಳು ಇನ್ನೂ ಹೊರಟಿರಲಿಲ್ಲ, ನೀರು ತುಂಬಿ ನಿಂತಿತ್ತು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ಇಳಿಯುವ ಮುಂಚೆ ಊರವರನ್ನು ವಿಚಾರಿಸಿಕೊಂಡೆವು. ಸನ್‌ಸ್ಕ್ರೀನ್ ಬೇಡವೆಂದು ಎಲ್ಲರಿಗೂ ತುಂಬುತೋಳಿನ ಈಜು ಅಂಗಿ. ನೀರಿನಲ್ಲಿ ಮಾತಾಡಲಾಗದು, ಅದಕ್ಕೆ ಕೈಯೇ ಭಾಷೆ: ಒಂದು ಸಲ ಅದುಮಿದರೆ ಎಲ್ಲ ಸರಿ, ಎರಡು ಸಲ ಅಂದರೆ ಏಳೋಣ.

ಮಗಳು ಎರಡು ಸಲ ಅದುಮಿದಳು. ಎದ್ದವಳೇ ಕೊಳವೆ ಉಗುಳಿ, "ಅಮ್ಮಾ, ಕೆಳಗೆ ಯಾರೋ ಚಕ್ಕುಲಿ ತಿಂತಿದಾರೆ" ಅಂದಳು. ಮತ್ತೆ ಮುಖವಿಟ್ಟು ಕಿವಿಗೊಟ್ಟೆ. ನಿಜ, ಕರುಂ ಕರುಂ ಸದ್ದು. ಹಸಿರು, ನೀಲಿ ಬಣ್ಣದ ಗಿಳಿಮೀನೊಂದು ಗಟ್ಟಿ ಹಲ್ಲಿನಿಂದ ಹವಳದ ಬಂಡೆ ಕೆರೆಯುತ್ತಿತ್ತು. ಪಾಚಿ ತಿನ್ನಲು ಅದು ಬಂಡೆಯನ್ನೇ ಅರೆದು ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತದೆ. ನಾವು ಕಾಲಿಟ್ಟ ಮರಳಿನಲ್ಲೂ ಅದರ ಪಾಲಿದೆ ಎಂದು ದಡದಲ್ಲಿ ಹೇಳಿದಾಗ ಮಗ ಒಂದು ಹಿಡಿ ಎತ್ತಿಕೊಂಡು ಬಹಳ ಹೊತ್ತು ನೋಡಿದ.

ಅತ್ತೆ ಎರಡು ದಿನ ಮರದಡಿ ಕೂತೇ ಇದ್ದರು. ಕೊನೆಯ ಬೆಳಿಗ್ಗೆ ಮಗಳು ತನ್ನ ಮಾಸ್ಕನ್ನು ಅವರ ಕೈಗಿಟ್ಟಳು. ಮರಳು ಮಾತ್ರ ಇರುವ ಕಡೆ ಸೊಂಟದ ತನಕ ನೀರಿನಲ್ಲಿ ನಿಂತು, ನನ್ನ ತೋಳು ಹಿಡಿದು, ಬಾಗಿ ಮುಖ ಮುಳುಗಿಸಿದರು. ಪಟ್ಟೆಪಟ್ಟೆಯ ಮೀನುಗಳ ಗುಂಪೊಂದು ಅವರ ಸೀರೆಯ ಅಂಚಿನ ಹತ್ತಿರವೇ ಸುಳಿಯಿತು. ಎದ್ದವರು ಮಾಸ್ಕ್ ತೆಗೆಯಲಿಲ್ಲ. "ತಡಿ, ಇನ್ನೊಂದ್ಸಲ" ಎಂದು ಮತ್ತೆ ಬಾಗಿದರು.