ಗಿಡದ ತೊಟ್ಟಿಗೆ ಸಿಒ2: ಪಿಎಚ್ ಇಳಿಯಲಿ, ನೀವು ಕೆಎಚ್ ನೋಡಿ

ನೀರೊಳಗಿನ ಗಿಡಗಳಿಗೆಂದು ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಜೋಡಿಸಿದ ಮೊದಲ ವಾರ ನನ್ನ ತೊಟ್ಟಿಯ ಮೀನುಗಳೆಲ್ಲ ಒಂದು ಮಧ್ಯಾಹ್ನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಪಿಎಚ್ (ಇದು ಇಳಿದಷ್ಟೂ ನೀರು ಹುಳಿ) ನೋಡಿದರೆ 6.2. ‘ಅಯ್ಯೋ, ನೀರು ಹುಳಿಯಾಗಿದೆ’ ಅಂದುಕೊಂಡು ಅಡುಗೆ ಸೋಡಾ ಕರಗಿಸಿ ಸುರಿದೆ. ಪಿಎಚ್ 6.6ಕ್ಕೆ ಏರಿತು, ನನಗೂ ಸಮಾಧಾನವಾಯಿತು. ಮೀನುಗಳಿಗೆ ಮಾತ್ರ ಆಗಲಿಲ್ಲ. ಅವು ಹಾಗೆಯೇ ಏದುಸಿರು ಬಿಡುತ್ತಿದ್ದವು. ಅವುಗಳನ್ನು ಕಾಡುತ್ತಿದ್ದದ್ದು ಹುಳಿಯಲ್ಲ, ಗ್ಯಾಸ್. ನಾನು ಸುರಿದ ಸೋಡಾ ಒಂದು ಗುಳ್ಳೆಯಷ್ಟು ಗ್ಯಾಸನ್ನೂ ಹೊರಗೆ ಕಳಿಸಿರಲಿಲ್ಲ.

ನೀರಿನಲ್ಲಿ ಕರಗಿದ ಸಿಒ2ನಲ್ಲಿ ಬಹುಪಾಲು ಗ್ಯಾಸಾಗಿಯೇ ಉಳಿಯುತ್ತದೆ. ತೀರಾ ಚಿಕ್ಕ ಪಾಲೊಂದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಪಿಎಚ್ ಇಳಿಸುವುದು ಆ ಚೂರೇ. ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ, ನೀರಿನಲ್ಲಿರುವ ಬೈಕಾರ್ಬೊನೇಟಿನ ಲೆಕ್ಕ. ತೊಟ್ಟಿಯಲ್ಲಿ ಸುಣ್ಣದ ಕಲ್ಲು ಇಲ್ಲದಿದ್ದರೆ ಗ್ಯಾಸ್ ಎಷ್ಟು ಬಿಟ್ಟರೂ ಅದು ಅಲ್ಲಾಡುವುದಿಲ್ಲ. ‘ಸಿಒ2 ಕೆಎಚ್ ತಿಂದುಹಾಕುತ್ತದೆ’ ಎಂದು ಹೇಳುವವರು ಈಗಲೂ ಸಿಗುತ್ತಾರೆ, ತಿನ್ನುವುದಿಲ್ಲ. ಕಾಲಕ್ರಮದಲ್ಲಿ ಕೆಎಚ್ ತಿನ್ನುವುದು ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಹುಟ್ಟುವ ಆಮ್ಲ.

ಆದ್ದರಿಂದ ವಾಲ್ವ್ ತಿರುಗಿಸುವ ಮುನ್ನ ಕೆಎಚ್ ಅಳೆಯಿರಿ. ಟೆಸ್ಟ್ ಕಿಟ್ಟಿನ ಟ್ಯೂಬಿಗೆ ತೊಟ್ಟಿಯ ನೀರು ಹಾಕಿ, ಒಂದೊಂದೇ ಹನಿ ಬಿಟ್ಟು ಅಲುಗಾಡಿಸಿ. ಸಾಮಾನ್ಯ ಕಿಟ್ಟುಗಳಲ್ಲಿ ನೀಲಿ ಬಣ್ಣ ಹಳದಿಗೆ ತಿರುಗಲು ಎಷ್ಟು ಹನಿ ಬೇಕಾಯಿತೋ ಅಷ್ಟು ಡಿಗ್ರಿ ಕೆಎಚ್. ಟ್ಯೂಬಿನ ಹಿಂದೆ ಬಿಳಿ ಹಾಳೆ ಹಿಡಿದರೆ ಕೊನೆಯ ಹನಿ ಯಾವುದೆಂದು ಗೊಂದಲವಾಗದು.

ಈಗ ಲೆಕ್ಕ. ಪಿಎಚ್ 7 ಇರುವಾಗ ಕೆಎಚ್ ಅನ್ನು 3ರಿಂದ ಗುಣಿಸಿದರೆ ಸಿಒ2 ಎಷ್ಟು ಪಿಪಿಎಂ (ಲೀಟರಿಗೆ ಎಷ್ಟು ಮಿಲಿಗ್ರಾಂ) ಎಂದು ಸಿಗುತ್ತದೆ. ಪಿಎಚ್ ಅಲ್ಲಿಂದ ಪೂರ್ತಿ 1 ಇಳಿದರೆ ಗ್ಯಾಸ್ ಹತ್ತು ಪಟ್ಟು. ಕೆಎಚ್ 4 ಇರುವ ತೊಟ್ಟಿಯನ್ನೇ ತೆಗೆದುಕೊಳ್ಳಿ: ಪಿಎಚ್ 7.6ರಲ್ಲಿ 3 ಪಿಪಿಎಂ, 7.0ರಲ್ಲಿ 12, 6.8ರಲ್ಲಿ 19, 6.6ರಲ್ಲಿ 30, 6.4ರಲ್ಲಿ 48. ಕೊನೆಯ ಎರಡರ ನಡುವಿನ ಜಿಗಿತ ನೋಡಿದಿರಾ? ಮೀಟರಿನಲ್ಲಿ ಬರೀ 0.2 ವ್ಯತ್ಯಾಸ, ಮೀನಿನ ಪಾಲಿಗೆ ಒಂದೂವರೆ ಪಟ್ಟು. ಗಿಡಗಳಿಗೆ ಸಾಮಾನ್ಯವಾಗಿ 20ರಿಂದ 30 ಪಿಪಿಎಂ ಸಾಕು. ನನ್ನ ತೊಟ್ಟಿಯ ಕೆಎಚ್ ಕೂಡ 4, ಆ ಮಧ್ಯಾಹ್ನ ಪಿಎಚ್ 6.2, ಅಂದರೆ ಗ್ಯಾಸ್ ಸುಮಾರು 75 ಇತ್ತು. ಅಡುಗೆ ಸೋಡಾ ಬೈಕಾರ್ಬೊನೇಟೇ ತಾನೇ, ಅದನ್ನು ಹಾಕಿದ ಮೇಲೆ ಕೆಎಚ್ 10 ಆಯಿತು, ಪಿಎಚ್ 6.6, ಲೆಕ್ಕ ಹಾಕಿದರೆ ಆಗಲೂ ಅದೇ 75.

ಬೆಳಕು ಹೊತ್ತುವ ಒಂದೆರಡು ಗಂಟೆ ಮೊದಲು ಗ್ಯಾಸ್ ಶುರು ಮಾಡಿ, ಆರುವ ಒಂದು ಗಂಟೆ ಮೊದಲು ನಿಲ್ಲಿಸಿ. ರಾತ್ರಿ ಗಿಡಗಳೂ ಮೀನಿನಂತೆಯೇ ಆಮ್ಲಜನಕ ಎಳೆದು ಸಿಒ2 ಬಿಡುತ್ತವೆ. ಆಗ ಸಿಲಿಂಡರ್ ತೆರೆದಿಟ್ಟರೆ ಗ್ಯಾಸೂ ದಂಡ, ಮೀನಿಗೂ ಅಪಾಯ. ಗ್ಯಾಸಿನ ಹರಿವನ್ನು ಸಣ್ಣಗೆ ಹೊಂದಿಸುವ ನೀಡಲ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಇಡೀ ದಿನ ಬಿಟ್ಟು, ಮರುದಿನ ಇನ್ನಷ್ಟು. ಇಲ್ಲಿ ಅವಸರಪಟ್ಟದ್ದೇ ನಾನು ಮಾಡಿದ ತಪ್ಪು.

ಹಗಲು ಇಳಿದ ಪಿಎಚ್ ರಾತ್ರಿ ಮತ್ತೆ ಏರುತ್ತದೆ. ಇದು ಮೀನಿಗೆ ಆಘಾತವೆಂಬ ಹೆದರಿಕೆ ಬೇಡ. ಇಲ್ಲಿ ಬದಲಾಗುವುದು ಗ್ಯಾಸಿನ ಪ್ರಮಾಣವೇ ಹೊರತು ನೀರಿನ ಲವಣಗಳಲ್ಲ. ಮೀನು ಮೇಲೆ ಬಂದು ಏದುಸಿರು ಬಿಟ್ಟರೆ ಮಾತ್ರ ತಕ್ಷಣ ಗ್ಯಾಸ್ ನಿಲ್ಲಿಸಿ, ಏರ್ ಪಂಪ್ ಹಾಕಿ, ನೀರಿನ ಮೇಲ್ಮೈ ಚೆನ್ನಾಗಿ ಕದಡಿ. ಸಾಧ್ಯವಾದರೆ ಸ್ವಲ್ಪ ನೀರನ್ನೂ ಬದಲಿಸಿ. ಸೋಡಾ ಡಬ್ಬಿ ಅಡುಗೆಮನೆಯಲ್ಲೇ ಇರಲಿ.

ಮೇಲಿನ ಲೆಕ್ಕ ಸುಳ್ಳಾಗುವ ತೊಟ್ಟಿಗಳೂ ಇವೆ. ಮರದ ಬೊಡ್ಡೆ, ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯದ ಮಣ್ಣು), ಅಕ್ವಾ ಸಾಯಿಲ್ (ಗಿಡದ ತೊಟ್ಟಿಗೆಂದೇ ಮಾರುವ ಮಣ್ಣು) ಇದ್ದರೆ ಅವೇ ಪಿಎಚ್ ಇಳಿಸುತ್ತವೆ, ನಾವು ಅದನ್ನೂ ಸಿಒ2 ಖಾತೆಗೆ ಬರೆದುಬಿಡುತ್ತೇವೆ. ಅಲ್ಲಿ ಡ್ರಾಪ್ ಚೆಕರ್ ವಾಸಿ. ಆ ಪುಟ್ಟ ಗಾಜಿನ ಬುರುಡೆಯೊಳಗೆ ಕೆಎಚ್ 4ರ ದ್ರವ ಮತ್ತು ಬಣ್ಣ ಸೂಚಕ. ಅದಕ್ಕೂ ತೊಟ್ಟಿಯ ನೀರಿಗೂ ನಡುವೆ ಬರೀ ಗಾಳಿ. ಗಾಳಿಯನ್ನು ದಾಟಿ ಬರುವುದು ಗ್ಯಾಸ್ ಒಂದೇ, ಮರದ ಹುಳಿ ಬರಲಾರದು. ನೀಲಿ ಎಂದರೆ ಗ್ಯಾಸ್ ಕಡಿಮೆ, ಹಸಿರು ಎಂದರೆ 30ರ ಆಸುಪಾಸು, ಹಳದಿ ಎಂದರೆ ಹೆಚ್ಚು. ಬುರುಡೆಗೆ ತೊಟ್ಟಿಯ ನೀರನ್ನೇ ತುಂಬಿದರೆ ಇಷ್ಟೆಲ್ಲ ವ್ಯರ್ಥ. ಬಣ್ಣ ತಿರುಗಲು ಒಂದೆರಡು ಗಂಟೆ ಹಿಡಿಯುತ್ತದೆ. ನೀವು ಈಗ ನೋಡುವ ಹಸಿರು ಆಗಿನ ಸುದ್ದಿ.

ಇನ್ನು ಕಲ್ಲು. ಸುಣ್ಣದಕಲ್ಲು, ಹವಳದ ಪುಡಿ ಇದ್ದ ತೊಟ್ಟಿಯಲ್ಲಿ ಸಿಒ2 ಬೆರೆತ ನೀರು ಅವುಗಳನ್ನು ಮೆಲ್ಲಗೆ ಕರಗಿಸುತ್ತದೆ. ಕೆಎಚ್ ಮೇಲೇರುತ್ತದೆ, ಅದರೊಟ್ಟಿಗೆ ಕ್ಯಾಲ್ಸಿಯಂ ಗಡಸುತನವೂ. ಕಲ್ಲಿನ ಮೇಲೆ ವಿನೆಗರ್ ಹನಿ ಬಿಟ್ಟಾಗ ಚುಸ್ಸೆಂದು ನೊರೆ ಬಂತೇ? ಹಾಗಾದರೆ ಹೋದ ವಾರದ ಕೆಎಚ್ ನಂಬಬೇಡಿ, ಲೆಕ್ಕ ಹಾಕುವ ದಿನವೇ ಮತ್ತೆ ಹನಿ ಎಣಿಸಿ.